ಹಳೆಯ ಕಾರ್ಯಾಚರಣ ವ್ಯವಸ್ಥೆಗೆ ಮರಳುವಿಕೆ: ಕನ್ನಡ ಪಠ್ಯಸಂರಕ್ಷಣೆಯ ದೃಷ್ಟಿಯಿಂದ ಒಂದು ವಿವೇಚನೆ

ಪ್ರವೇಶ

ಗಣಕಯಂತ್ರದ ಚರಿತ್ರೆಯನ್ನು ಸಾಮಾನ್ಯವಾಗಿ ಮುನ್ನಡೆಯ ಚರಿತ್ರೆಯೆಂದೇ ಬರೆಯಲಾಗುತ್ತದೆ. ಡಾಸ್ ಹಿಂದೆ ಸರಿದು ವಿಂಡೋಸ್ ಬಂದಿತು. ವಿಂಡೋಸ್ ೯೮ರ ಸ್ಥಾನವನ್ನು ೨೦೦೧ರಲ್ಲಿ ಎಕ್ಸ್‌ಪಿ ಪಡೆಯಿತು. ಅನಂತರ ೨೦೦೭ರಲ್ಲಿ ವಿಸ್ಟಾ, ೨೦೦೯ರಲ್ಲಿ ವಿಂಡೋಸ್ ೭, ೨೦೧೫ರಲ್ಲಿ ವಿಂಡೋಸ್ ೧೦, ೨೦೨೧ರಲ್ಲಿ ವಿಂಡೋಸ್ ೧೧ ಬಂದವು. ಈ ಮುನ್ನಡೆಯ ಜೊತೆಯಲ್ಲಿಯೇ ಹಿಂದಕ್ಕೆ ಹೋಗುವ ನಡೆಯೊಂದು ಮುದ್ರಣಾಲಯಗಳಲ್ಲಿ, ಗ್ರಂಥಾಲಯಗಳಲ್ಲಿ, ಸಂಶೋಧನ ಸಂಸ್ಥೆಗಳಲ್ಲಿ ನಡೆದುಕೊಂಡು ಬಂದಿದೆ. ನಿತ್ಯದ ಕೆಲಸಕ್ಕೆ ಬೇಕಾದ ತಂತ್ರಾಂಶವು ಹೊಸ ವ್ಯವಸ್ಥೆಯಲ್ಲಿ ನಡೆಯದಿದ್ದಾಗ, ಹೊಸದನ್ನು ತೆಗೆದು ಹಳೆಯದನ್ನೇ ಮತ್ತೆ ಸ್ಥಾಪಿಸುವುದು ಆ ನಡೆ.

ಇದನ್ನು ಹಿಂಜರಿಕೆಯೆಂದೋ ಹೊಸದನ್ನು ಕಲಿಯಲಾರದವರ ಹಟವೆಂದೋ ತಳ್ಳಿಹಾಕುವುದು ಸುಲಭ. ಆದರೆ ಕನ್ನಡದ ಸಂದರ್ಭದಲ್ಲಿ ಈ ಮರಳುವಿಕೆಗೆ ಬೇರೊಂದು ಮುಖವಿದೆ. ೧೯೯೦ರ ದಶಕದಿಂದ ಸುಮಾರು ಎರಡು ದಶಕಗಳ ಕಾಲ ಗಣಕದಲ್ಲಿ ಅಕ್ಷರಜೋಡಣೆಗೊಂಡ ಕನ್ನಡ ಪುಸ್ತಕಗಳ, ಸಂಪುಟಗಳ, ನಿಯತಕಾಲಿಕೆಗಳ ಮೂಲ ಕಡತಗಳಲ್ಲಿ ಬಹುಪಾಲು ಅಂದಿನ ತಂತ್ರಾಂಶಗಳಿಲ್ಲದೆ ಸರಿಯಾಗಿ ತೆರೆಯಲಾರವು. ಆ ತಂತ್ರಾಂಶಗಳಲ್ಲಿ ಹಲವು ಅಂದಿನ ಕಾರ್ಯಾಚರಣ ವ್ಯವಸ್ಥೆಯಿಲ್ಲದೆ ನಡೆಯಲಾರವು. ಹೀಗೆ ಹಳೆಯ ವ್ಯವಸ್ಥೆಗೆ ಮರಳುವ ಪ್ರಶ್ನೆಯು ಪಠ್ಯಗಳ ಉಳಿವಿನ ಪ್ರಶ್ನೆಯೂ ಆಗುತ್ತದೆ. ಹೊಂದಾಣಿಕೆ ತಪ್ಪಲು ಕಾರಣಗಳೇನು, ಮರಳುವ ಮಾರ್ಗಗಳಾವುವು, ಅವುಗಳ ಮಿತಿಗಳೇನು ಎಂಬುದನ್ನು ಈ ದೃಷ್ಟಿಯಿಂದ ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹೊಂದಾಣಿಕೆ ತಪ್ಪುವ ಬಗೆ

ಕಾರ್ಯಾಚರಣ ವ್ಯವಸ್ಥೆಯು ಯಂತ್ರಾಂಶ ಮತ್ತು ತಂತ್ರಾಂಶಗಳ ನಡುವಿನ ಮಧ್ಯವರ್ತಿ. ಕಡತ ತೆರೆಯಲು, ಪರದೆಯ ಮೇಲೆ ಅಕ್ಷರ ಮೂಡಿಸಲು, ಮುದ್ರಕಕ್ಕೆ ಪುಟ ಕಳುಹಿಸಲು ತಂತ್ರಾಂಶವು ಈ ಮಧ್ಯವರ್ತಿಯನ್ನು ಗೊತ್ತಾದ ರೀತಿಯಲ್ಲಿ ಕೇಳಿಕೊಳ್ಳಬೇಕು. ಕೇಳುವ ರೀತಿ ಬದಲಾದರೆ, ಇಲ್ಲವೆ ಕೊಡುವ ಪದ್ಧತಿ ನಿಂತುಹೋದರೆ, ಹಳೆಯ ತಂತ್ರಾಂಶ ಅಲ್ಲಿಯೇ ನಿಲ್ಲುತ್ತದೆ. ವಿಂಡೋಸಿನ ಮಟ್ಟಿಗೆ ಇಂತಹ ಮೂರು ಮುಖ್ಯ ಘಟ್ಟಗಳನ್ನು ಗುರುತಿಸಬಹುದು.

ಮೊದಲನೆಯದು ವಿಂಡೋಸ್ ೯೮ರಿಂದ ಎಕ್ಸ್‌ಪಿಗೆ ಆದ ದಾಟುವಿಕೆ. ವಿಂಡೋಸ್ ೯೫, ೯೮ಗಳು ಡಾಸ್‌ನ ತಳಹದಿಯನ್ನು ಉಳಿಸಿಕೊಂಡಿದ್ದವು. ತಂತ್ರಾಂಶವು ಯಂತ್ರದ ಪೋರ್ಟುಗಳನ್ನು ನೇರವಾಗಿ ಮುಟ್ಟಬಹುದಾಗಿತ್ತು. ಎಕ್ಸ್‌ಪಿಯು ಎನ್‌ಟಿ ಎಂಬ ಬೇರೆ ಪರಂಪರೆಗೆ ಸೇರಿದುದು. ಅದರಲ್ಲಿ ಚಾಲಕ ತಂತ್ರಾಂಶದ ಮೂಲಕವಲ್ಲದೆ ಪೋರ್ಟುಗಳನ್ನು ಮುಟ್ಟುವಂತಿಲ್ಲ. ಆ ಕಾಲದ ಹಲವು ಭಾರತೀಯ ಭಾಷಾ ತಂತ್ರಾಂಶಗಳೊಡನೆ ಡಾಂಗಲ್ ಎಂಬ ಬೀಗ ಬರುತ್ತಿತ್ತು. ಮುದ್ರಕದ ಪ್ಯಾರಲಲ್ ಪೋರ್ಟಿಗೆ ಅದನ್ನು ಸಿಕ್ಕಿಸಿದ್ದರೆ ಮಾತ್ರ ತಂತ್ರಾಂಶ ತೆರೆಯುತ್ತಿತ್ತು. ಬೀಗವನ್ನು ನೇರವಾಗಿ ಓದುತ್ತಿದ್ದ ಆವೃತ್ತಿಗಳು ಎಕ್ಸ್‌ಪಿಯಲ್ಲಿ ಅದನ್ನು ಕಾಣಲಾರದೆ ನಿಂತವು.

ಎರಡನೆಯ ಘಟ್ಟ ವಿಸ್ಟಾದೊಡನೆ ಬಂದಿತು. ಎಕ್ಸ್‌ಪಿಯ ಕಾಲದಲ್ಲಿ ಬಹುತೇಕ ಬಳಕೆದಾರರು ಪೂರ್ಣಾಧಿಕಾರದ ಖಾತೆಯಲ್ಲಿಯೇ ಕೆಲಸ ಮಾಡುತ್ತಿದ್ದುದರಿಂದ, ತಂತ್ರಾಂಶಗಳು ತಮ್ಮ ಆಯ್ಕೆಗಳನ್ನು ವ್ಯವಸ್ಥೆಯ ಕಡತಕೋಶಗಳಲ್ಲಿಯೇ ಬರೆದಿಡುತ್ತಿದ್ದವು. ವಿಸ್ಟಾ ಇದನ್ನು ತಡೆಯಿತು. ಕೆಲವು ಸಂದರ್ಭಗಳಲ್ಲಿ ಬರಹವನ್ನು ಬಳಕೆದಾರನ ಖಾತೆಯ ಪ್ರತ್ಯೇಕ ಸ್ಥಳವೊಂದಕ್ಕೆ ತಿರುಗಿಸಿತು. ಜೊತೆಗೆ ಅದರ ೬೪ ಬಿಟ್ ಆವೃತ್ತಿಯು ಡಿಜಿಟಲ್ ಸಹಿಯಿಲ್ಲದ ಚಾಲಕ ತಂತ್ರಾಂಶಗಳನ್ನು ನಿರಾಕರಿಸಿತು. ಮುದ್ರಕ, ಸ್ಕ್ಯಾನರ್, ಬೀಗಗಳ ತಯಾರಕರು ಹೊಸ ಚಾಲಕವನ್ನು ಬರೆದುಕೊಡದಿದ್ದರೆ ಆ ಸಾಧನ ಬಳಕೆಗೆ ಬಾರದಾಯಿತು.

ಮೂರನೆಯದು ೧೬ ಬಿಟ್ ತಂತ್ರಾಂಶಗಳ ಅಂತ್ಯ. ೬೪ ಬಿಟ್ ವಿಂಡೋಸಿನಲ್ಲಿ ಡಾಸ್ ಮತ್ತು ವಿಂಡೋಸ್ ೩.೧ರ ಕಾಲದ ೧೬ ಬಿಟ್ ತಂತ್ರಾಂಶಗಳನ್ನು ನಡೆಸುವ ಉಪವ್ಯವಸ್ಥೆಯಿಲ್ಲ. ವಿಂಡೋಸ್ ೧೦ರ ೩೨ ಬಿಟ್ ಆವೃತ್ತಿಯಲ್ಲಿ ಅದು ಉಳಿದಿತ್ತು. ವಿಂಡೋಸ್ ೧೧ಕ್ಕೆ ೩೨ ಬಿಟ್ ಆವೃತ್ತಿಯೇ ಇಲ್ಲದ ಕಾರಣ ಆ ಬಾಗಿಲು ಪೂರ್ಣವಾಗಿ ಮುಚ್ಚಿತು.

ವಿಸ್ಟಾದಿಂದ ಎಕ್ಸ್‌ಪಿಗೆ

ಮರಳುವಿಕೆ ಲೋಕವ್ಯಾಪಿಯಾಗಿ ಎದ್ದು ಕಂಡದ್ದು ವಿಸ್ಟಾದ ಕಾಲದಲ್ಲಿ. ೨೦೦೭ರ ಜನವರಿ ೩೦ರಂದು ಸಾರ್ವಜನಿಕರಿಗೆ ದೊರೆತ ಈ ವ್ಯವಸ್ಥೆಯು ಹೆಚ್ಚು ಸ್ಮರಣೆಯನ್ನೂ ಹೊಸ ಚಾಲಕಗಳನ್ನೂ ಬೇಡಿತು. ಅನೇಕ ಸಂಸ್ಥೆಗಳು ವಿಸ್ಟಾ ಸಹಿತವಾಗಿ ಬಂದ ಯಂತ್ರಗಳಲ್ಲಿ ಎಕ್ಸ್‌ಪಿಯನ್ನೇ ಹಾಕಿಕೊಂಡವು. ಇದಕ್ಕೆ ಪರವಾನಗಿಯಲ್ಲಿಯೇ ಅವಕಾಶವಿತ್ತು. ಯಂತ್ರದೊಡನೆ ಬಂದ ವಿಸ್ಟಾದ ಬಿಸಿನೆಸ್ ಮತ್ತು ಅಲ್ಟಿಮೇಟ್ ಆವೃತ್ತಿಗಳನ್ನು ಪಡೆದವರು ಎಕ್ಸ್‌ಪಿ ಪ್ರೊಫೆಷನಲ್ ಬಳಸಬಹುದಾಗಿತ್ತು. ಗೃಹಬಳಕೆಯ ಆವೃತ್ತಿಗಳಿಗೆ ಈ ಹಕ್ಕು ಇರಲಿಲ್ಲ. ಮುಂದೆ ವಿಂಡೋಸ್ ೭ರ ಪ್ರೊಫೆಷನಲ್ ಆವೃತ್ತಿಗೂ ಇಂತಹ ಹಕ್ಕು ದೊರೆಯಿತು. ಹಳೆಯದಕ್ಕೆ ಮರಳುವುದನ್ನು ತಯಾರಕರೇ ನಿಯಮಬದ್ಧಗೊಳಿಸಿದ್ದು, ಅಗತ್ಯವು ಎಷ್ಟು ವ್ಯಾಪಕವಾಗಿತ್ತೆಂಬುದಕ್ಕೆ ಸಾಕ್ಷಿ.

ಕನ್ನಡದ ವಿಶೇಷ ಸಂದರ್ಭ

ಇತರ ತಂತ್ರಾಂಶಗಳ ವಿಷಯದಲ್ಲಿ ಹೊಸ ಆವೃತ್ತಿಯನ್ನು ಕೊಂಡರೆ ತೊಂದರೆ ಬಹುಮಟ್ಟಿಗೆ ತೀರುತ್ತದೆ. ಕನ್ನಡದಲ್ಲಿ ಅದು ಅಷ್ಟಕ್ಕೇ ತೀರದಿರಲು ಕಾರಣ, ಅಂದಿನ ಕಡತಗಳಲ್ಲಿ ಕನ್ನಡವನ್ನು ಕೂಡಿಟ್ಟ ಬಗೆ.

ಕನ್ನಡವನ್ನು ಗಣಕಕ್ಕೆ ತರುವ ಆರಂಭದ ಪ್ರಯತ್ನಗಳಲ್ಲಿ ಕೆ. ಪಿ. ರಾವ್ ಅವರ ‘ಸೇಡಿಯಾಪು’ ತಂತ್ರಾಂಶ ಮತ್ತು ಅವರು ರೂಪಿಸಿದ ಕೀಲಿಮಣೆ ವಿನ್ಯಾಸ ಮುಖ್ಯವಾದವು. ಶೇಷಾದ್ರಿವಾಸು ಅವರ ‘ಬರಹ’ ೧೯೯೮ರಲ್ಲಿ ಬಂದಿತು. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’ ಸರ್ಕಾರಿ ಕಚೇರಿಗಳಲ್ಲಿ ವ್ಯಾಪಕವಾಯಿತು. ಇವುಗಳ ಜೊತೆಗೆ ಮುದ್ರಣೋದ್ಯಮದಲ್ಲಿ ಶ್ರೀಲಿಪಿಯಂತಹ ವಾಣಿಜ್ಯ ತಂತ್ರಾಂಶಗಳು ಬಳಕೆಯಲ್ಲಿದ್ದವು. ಅಂದಿನ ವ್ಯವಸ್ಥೆಗಳು ಲ್ಯಾಟಿನ್ ಲಿಪಿಗೆ ಮೀಸಲಾಗಿದ್ದ ೨೫೬ ಸ್ಥಾನಗಳನ್ನಷ್ಟೇ ಒದಗಿಸುತ್ತಿದ್ದವು. ಆ ಸ್ಥಾನಗಳಲ್ಲಿ ಕನ್ನಡ ಅಕ್ಷರಗಳ ತುಂಡುಗಳನ್ನು, ಅಂದರೆ ತಲೆಕಟ್ಟು, ಕೊಂಬು, ಒತ್ತು, ಮೂಲಾಕಾರಗಳನ್ನು ಕೂರಿಸಿ ಫಾಂಟುಗಳನ್ನು ರಚಿಸಲಾಯಿತು. ಕಡತದಲ್ಲಿ ಉಳಿದದ್ದು ಅಕ್ಷರವಲ್ಲ, ಅಕ್ಷರದ ಆಕಾರದ ಸಂಖ್ಯೆ.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ನುಡಿ ಮತ್ತು ಬರಹದ ಹಳೆಯ ಫಾಂಟುಗಳಲ್ಲಿ ‘ಕನ್ನಡ’ ಎಂಬ ಪದವು ೮೦, ೧೯೨, ೧೬೩, ೧೯೨, ೨೨೩, ೧೧೩, ೧೯೨ ಎಂಬ ಏಳು ಸಂಖ್ಯೆಗಳಾಗಿ ಉಳಿಯುತ್ತದೆ. ಇಲ್ಲಿ ೮೦ ಕಕಾರದ ಮೂಲಾಕಾರ, ೧೯೨ ತಲೆಕಟ್ಟು, ೧೬೩ ನಕಾರದ ಮೂಲಾಕಾರ, ೨೨೩ ನಕಾರದ ಒತ್ತು, ೧೧೩ ಡಕಾರದ ಮೂಲಾಕಾರ. ಫಾಂಟ್ ಇಲ್ಲದ ಯಂತ್ರದಲ್ಲಿ ಇವೇ ಸಂಖ್ಯೆಗಳು ಲ್ಯಾಟಿನ್ ಗುರುತುಗಳಾಗಿ ಕಾಣುತ್ತವೆ: ೮೦ ಇಂಗ್ಲಿಷಿನ ‘ಪಿ’ ಅಕ್ಷರ, ೧೬೩ ಬ್ರಿಟಿಷ್ ಪೌಂಡಿನ ಚಿಹ್ನೆ. ಯೂನಿಕೋಡಿನಲ್ಲಾದರೋ ಕನ್ನಡಕ್ಕೆ ೩೨೦೦ರಿಂದ ೩೩೨೭ರವರೆಗಿನ ೧೨೮ ಸ್ಥಾನಗಳು ಮೀಸಲು. ಅಲ್ಲಿ ಇದೇ ಪದ ಕ, ನ, ವಿರಾಮ, ನ, ಡ ಎಂಬ ಐದು ಸಂಕೇತಗಳು: ೩೨೨೧, ೩೨೪೦, ೩೨೭೭, ೩೨೪೦, ೩೨೩೩. ಆಕಾರವನ್ನು ಜೋಡಿಸುವ ಹೊಣೆ ವ್ಯವಸ್ಥೆಯದು. ವಿಂಡೋಸ್ ಪರಂಪರೆಯಲ್ಲಿ ಕನ್ನಡಕ್ಕೆ ಈ ಬೆಂಬಲ ದೊರೆತದ್ದು ಎಕ್ಸ್‌ಪಿಯಲ್ಲಿ, ‘ತುಂಗಾ’ ಎಂಬ ಫಾಂಟಿನೊಡನೆ.

ಆದರೂ ಮುದ್ರಣವು ತಕ್ಷಣ ಯೂನಿಕೋಡಿಗೆ ಹೊರಳಲಿಲ್ಲ. ಪುಟವಿನ್ಯಾಸಕ್ಕೆ ಎಲ್ಲರೂ ನೆಚ್ಚಿದ್ದ ಪೇಜ್‌ಮೇಕರ್ ಯೂನಿಕೋಡನ್ನು ಅರಿಯದ ತಂತ್ರಾಂಶವಾಗಿತ್ತು. ೧೯೮೫ರಲ್ಲಿ ಆಲ್ಡಸ್ ಸಂಸ್ಥೆಯಿಂದ ಹೊರಬಂದು, ೧೯೯೪ರಲ್ಲಿ ಅಡೋಬಿಯ ವಶಕ್ಕೆ ಬಂದ ಈ ತಂತ್ರಾಂಶದ ಕೊನೆಯ ಮುಖ್ಯ ಆವೃತ್ತಿ ೭.೦ ಪ್ರಕಟವಾದದ್ದು ೨೦೦೧ರಲ್ಲಿ. ೨೦೦೪ರಲ್ಲಿ ಅದರ ಅಭಿವೃದ್ಧಿ ನಿಂತಿತು. ಅದರ ಉತ್ತರಾಧಿಕಾರಿಯಾದ ಇನ್‌ಡಿಸೈನ್‌ನಲ್ಲಿ ಕನ್ನಡ ಯೂನಿಕೋಡ್ ಸಮರ್ಪಕವಾಗಿ ಮೂಡುವ ಏರ್ಪಾಡು ಬಂದದ್ದು ೨೦೧೨ರ ಸಿಎಸ್೬ ಆವೃತ್ತಿಯಲ್ಲಿ. ಈ ನಡುವಿನ ವರ್ಷಗಳಲ್ಲಿ ಪೇಜ್‌ಮೇಕರ್, ಹಳೆಯ ಫಾಂಟು, ಬೀಗ, ಎಕ್ಸ್‌ಪಿ ಇವು ನಾಲ್ಕೂ ಕೂಡಿದ ಒಂದು ಕಟ್ಟು ಮುದ್ರಣಾಲಯಗಳಲ್ಲಿ ನೆಲೆನಿಂತಿತು. ಅದರಲ್ಲಿ ಒಂದನ್ನು ಬದಲಿಸಿದರೆ ಉಳಿದ ಮೂರೂ ಅಲುಗುತ್ತಿದ್ದವು. ಹೊಸ ಯಂತ್ರಕ್ಕೂ ಎಕ್ಸ್‌ಪಿಯನ್ನೇ ಹಾಕಿಸುವ ರೂಢಿಗೆ ಇದೇ ಮೂಲ.

ಮರಳುವ ಮಾರ್ಗಗಳು

ಮರಳುವ ಮಾರ್ಗಗಳಲ್ಲಿ ಐದನ್ನು ಪ್ರಧಾನವೆನ್ನಬಹುದು. ಇವನ್ನು ಸುಲಭವಾದುದರಿಂದ ಕಷ್ಟವಾದುದರ ಕಡೆಗೆ ಪರೀಕ್ಷಿಸುತ್ತ ಹೋಗುವುದು ಯುಕ್ತ.

೧. ಹೊಂದಾಣಿಕೆ ವಿಧಾನ. ಎಕ್ಸ್‌ಪಿಯಿಂದೀಚಿನ ವಿಂಡೋಸಿನಲ್ಲಿ ಯಾವುದೇ ತಂತ್ರಾಂಶದ ಗುಣಲಕ್ಷಣಗಳ ಪಟ್ಟಿಯಲ್ಲಿ ಈ ಆಯ್ಕೆ ಇದೆ. ಇದು ಹಳೆಯ ವ್ಯವಸ್ಥೆಯನ್ನು ತರುವುದಿಲ್ಲ; ತಂತ್ರಾಂಶ ಕೇಳುವ ಪ್ರಶ್ನೆಗಳಿಗೆ ಹಳೆಯ ವ್ಯವಸ್ಥೆಯಂತೆ ಉತ್ತರಿಸುತ್ತದೆ. ಆವೃತ್ತಿ ಸಂಖ್ಯೆ, ಅಧಿಕಾರ, ಕಡತಕೋಶಗಳ ತೊಡಕುಗಳಿಗೆ ಇದು ಪರಿಹಾರವಾಗಬಹುದು. ಚಾಲಕ ತಂತ್ರಾಂಶಕ್ಕೂ ೧೬ ಬಿಟ್ ತಂತ್ರಾಂಶಕ್ಕೂ ಇದರಿಂದ ಪ್ರಯೋಜನವಿಲ್ಲ.

೨. ವ್ಯವಸ್ಥೆಯೇ ಒದಗಿಸುವ ಹಿಂಚಲನೆ. ವಿಂಡೋಸ್ ೧೦ ಅಥವಾ ೧೧ಕ್ಕೆ ಮೇಲೇರಿದ ಮೇಲೆ ಹಿಂದಿನ ವ್ಯವಸ್ಥೆಯು ಒಂದು ಕಡತಕೋಶದಲ್ಲಿ ಸ್ವಲ್ಪಕಾಲ ಉಳಿದಿರುತ್ತದೆ. ಈ ಅವಧಿ ಮೊದಲು ೩೦ ದಿನಗಳಿದ್ದು ೨೦೧೬ರಿಂದ ೧೦ ದಿನಗಳಿಗೆ ಇಳಿಯಿತು. ಆದುದರಿಂದ ಮೇಲೇರಿದ ಮೊದಲ ವಾರದಲ್ಲಿಯೇ ಎಲ್ಲ ತಂತ್ರಾಂಶಗಳನ್ನೂ ತೆರೆದು, ಒಂದೊಂದು ಪುಟವನ್ನಾದರೂ ಮುದ್ರಿಸಿ ನೋಡುವುದು ಅಗತ್ಯ.

೩. ಹೊಸದಾಗಿ ಸ್ಥಾಪನೆ. ತಟ್ಟೆಯನ್ನು ಅಳಿಸಿ ಹಳೆಯ ವ್ಯವಸ್ಥೆಯನ್ನು ಮೂಲದಿಂದ ಹಾಕುವುದು. ವಿಸ್ಟಾ ಕಾಲದ ಯಂತ್ರಗಳಲ್ಲಿ ಎಕ್ಸ್‌ಪಿ ಹಾಕುವಾಗ ಅನೇಕರಿಗೆ ನೀಲಿ ಪರದೆ ಎದುರಾಗುತ್ತಿತ್ತು. ಸಾಟಾ ತಟ್ಟೆಗಳ ಎಎಚ್‌ಸಿಐ ವಿಧಾನಕ್ಕೆ ಬೇಕಾದ ಚಾಲಕ ಎಕ್ಸ್‌ಪಿಯ ಮೂಲ ತಟ್ಟೆಯಲ್ಲಿ ಇಲ್ಲದಿರುವುದು ಇದಕ್ಕೆ ಕಾರಣ. ಬಯಾಸ್‌ನಲ್ಲಿ ಐಡಿಇ ವಿಧಾನವನ್ನು ಆರಿಸಿದರೆ, ಇಲ್ಲವೆ ಸ್ಥಾಪನೆಯ ಆರಂಭದಲ್ಲಿ ಫ್ಲಾಪಿಯಿಂದ ಚಾಲಕವನ್ನು ಕೊಟ್ಟರೆ ತೊಡಕು ನಿವಾರಣೆಯಾಗುತ್ತಿತ್ತು. ಈಚಿನ ಯಂತ್ರಗಳಲ್ಲಿ ಅದೂ ಸಾಧ್ಯವಿಲ್ಲ. ಬಯಾಸ್‌ನ ಸ್ಥಾನದಲ್ಲಿ ಯುಇಎಫ್‌ಐ ಬಂದಿದೆ. ೩೨ ಬಿಟ್ ಎಕ್ಸ್‌ಪಿ ಅದರಿಂದ ಆರಂಭವಾಗುವುದಿಲ್ಲ, ಜಿಪಿಟಿ ವಿಭಜನೆಯ ತಟ್ಟೆಯನ್ನೂ ಅದು ಓದುವುದಿಲ್ಲ.

೪. ಇಮ್ಮಡಿ ವ್ಯವಸ್ಥೆ. ಒಂದೇ ಯಂತ್ರದಲ್ಲಿ ಎರಡು ವ್ಯವಸ್ಥೆಗಳನ್ನು ಬೇರೆ ಬೇರೆ ವಿಭಾಗಗಳಲ್ಲಿರಿಸಿ, ಆರಂಭದಲ್ಲಿ ಒಂದನ್ನು ಆರಿಸಿಕೊಳ್ಳುವ ಕ್ರಮವಿದು. ಇಲ್ಲಿ ಹಳೆಯದನ್ನು ಮೊದಲು, ಹೊಸದನ್ನು ಅನಂತರ ಸ್ಥಾಪಿಸಬೇಕು. ವಿಸ್ಟಾದಲ್ಲಿ ಆರಂಭದ ಪಟ್ಟಿಯನ್ನು ಇಡುವ ಪದ್ಧತಿಯೇ ಬದಲಾದುದರಿಂದ, ಅನಂತರ ಹಾಕಿದ ಎಕ್ಸ್‌ಪಿಯು ವಿಸ್ಟಾವನ್ನು ಗುರುತಿಸದೆ ಅದರ ಆರಂಭದ ದಾರಿಯನ್ನೇ ಅಳಿಸಿಬಿಡುತ್ತದೆ.

೫. ಕಾಲ್ಪನಿಕ ಯಂತ್ರ. ಹೊಸ ವ್ಯವಸ್ಥೆಯ ಒಳಗೆ ತಂತ್ರಾಂಶದಿಂದಲೇ ಒಂದು ಯಂತ್ರವನ್ನು ಕಲ್ಪಿಸಿ, ಅದರೊಳಗೆ ಹಳೆಯ ವ್ಯವಸ್ಥೆಯನ್ನು ನಡೆಸುವ ವಿಧಾನ. ವಿಂಡೋಸ್ ೭ರ ಪ್ರೊಫೆಷನಲ್ ಮತ್ತು ಮೇಲಿನ ಆವೃತ್ತಿಗಳಿಗೆ ದೊರೆಯುತ್ತಿದ್ದ ‘ಎಕ್ಸ್‌ಪಿ ಮೋಡ್’ ಇದೇ ಬಗೆಯದು. ವರ್ಚುಯಲ್‌ಬಾಕ್ಸ್‌ನಂತಹವು ಇಂದು ಲಭ್ಯ. ಹಳೆಯ ಯಂತ್ರದ ತಟ್ಟೆಯ ಪೂರ್ಣಪ್ರತಿಯನ್ನೇ ಕಾಲ್ಪನಿಕ ಯಂತ್ರವಾಗಿ ಪರಿವರ್ತಿಸಲೂಬಹುದು. ಯುಎಸ್‌ಬಿ ಬೀಗಗಳನ್ನು ಒಳಗಿನ ವ್ಯವಸ್ಥೆಗೆ ಒಪ್ಪಿಸಬಹುದು. ಪ್ಯಾರಲಲ್ ಪೋರ್ಟಿನ ಬೀಗ ಮಾತ್ರ ಕಷ್ಟ. ಡಾಸ್ ಕಾಲದ ತಂತ್ರಾಂಶಗಳಿಗೆ ಡಾಸ್‌ಬಾಕ್ಸ್ ಸಾಕಾಗುವುದುಂಟು.

ಅಪಾಯಗಳು

ಎಕ್ಸ್‌ಪಿಗೆ ತಯಾರಕರ ಬೆಂಬಲ ೨೦೧೪ರ ಏಪ್ರಿಲ್ ೮ರಂದು ಮುಗಿಯಿತು. ವಿಂಡೋಸ್ ೭ಕ್ಕೆ ೨೦೨೦ರ ಜನವರಿ ೧೪, ವಿಂಡೋಸ್ ೧೦ರ ಸಾಮಾನ್ಯ ಬೆಂಬಲಕ್ಕೆ ೨೦೨೫ರ ಅಕ್ಟೋಬರ್ ೧೪ ಕೊನೆಯ ದಿನವಾಯಿತು. ಬೆಂಬಲ ಮುಗಿದ ವ್ಯವಸ್ಥೆಯಲ್ಲಿ ಕಂಡುಬರುವ ದೋಷಗಳು ದೋಷಗಳಾಗಿಯೇ ಉಳಿಯುತ್ತವೆ. ೨೦೧೭ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಕಡತಗಳನ್ನು ಒತ್ತೆಯಿಡುವ ಕುತಂತ್ರಾಂಶ ಜಗತ್ತಿನಾದ್ಯಂತ ಹರಡಿದಾಗ, ಬೆಂಬಲ ನಿಂತು ಮೂರು ವರ್ಷಗಳಾಗಿದ್ದ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ಸಂಸ್ಥೆ ವಿಶೇಷ ತಿದ್ದುಪಡಿಯೊಂದನ್ನು ಹೊರಡಿಸಬೇಕಾಯಿತು. ಅಂತಹ ವಿನಾಯಿತಿಯನ್ನು ನೆಚ್ಚಿಕೊಂಡು ಸಂಸ್ಥೆಗಳು ನಡೆಯಲಾಗದು. ಹಳೆಯ ವ್ಯವಸ್ಥೆಯಿರುವ ಯಂತ್ರವನ್ನು ಅಂತರಜಾಲದಿಂದಲೂ ಸಂಸ್ಥೆಯ ಒಳಜಾಲದಿಂದಲೂ ದೂರವಿಡುವುದು ಮೊದಲ ನಿಯಮ.

ಯಂತ್ರದ ಆಯುಸ್ಸು ಎರಡನೆಯ ಅಪಾಯ. ತಟ್ಟೆ ಕೆಡುತ್ತದೆ, ಫ್ಲಾಪಿ ಮತ್ತು ಸಿಡಿಗಳು ಓದಲಾರದಂತಾಗುತ್ತವೆ, ಬೀಗ ಕಳೆಯುತ್ತದೆ. ಬೀಗ ಹೋದರೆ, ಹಣ ಕೊಟ್ಟು ಪಡೆದ ತಂತ್ರಾಂಶವೂ ತೆರೆಯುವುದಿಲ್ಲ.

ಪಠ್ಯವನ್ನು ಹೊರತರುವ ಕ್ರಮ

ಹಾಗಾದರೆ ಹಳೆಯ ವ್ಯವಸ್ಥೆಗೆ ಮರಳುವುದು ಯಾವುದಕ್ಕಾಗಿ? ಅಲ್ಲಿಯೇ ಉಳಿದು ಹೊಸ ಪುಸ್ತಕಗಳನ್ನೂ ಹಳೆಯ ಸಂಕೇತದಲ್ಲಿಯೇ ಸಿದ್ಧಪಡಿಸುತ್ತ ಹೋದರೆ ಬೀಗ ಹಾಕಿದ ಪಠ್ಯಗಳ ರಾಶಿ ಬೆಳೆಯುತ್ತದೆಯೇ ಹೊರತು ಕರಗುವುದಿಲ್ಲ. ಪಠ್ಯವನ್ನು ಹೊರತಂದು ಯೂನಿಕೋಡಿಗೆ ಮುಟ್ಟಿಸುವ ಕೆಲಸಕ್ಕಾಗಿ, ಅದು ಮುಗಿಯುವವರೆಗೆ ಮಾತ್ರ ಮರಳುವುದು ಸಮರ್ಥನೀಯ.

ಮುದ್ರಿತ ಪುಟದ ಪಿಡಿಎಫ್ ಇದ್ದರೆ ಸಾಲದೆ ಎಂಬ ಆಕ್ಷೇಪ ಇಲ್ಲಿ ಸಹಜ. ಹಳೆಯ ಫಾಂಟಿನಿಂದಾದ ಪಿಡಿಎಫ್ ಕಣ್ಣಿಗೆ ಸರಿಯಾಗಿಯೇ ಕಾಣುತ್ತದೆ. ಆದರೆ ಅದರಲ್ಲಿ ಒಂದು ಕನ್ನಡ ಪದವನ್ನು ಹುಡುಕಿದರೆ ಸಿಗುವುದಿಲ್ಲ, ಒಂದು ವಾಕ್ಯವನ್ನು ನಕಲಿಸಿದರೆ ಲ್ಯಾಟಿನ್ ಗುರುತುಗಳು ಬರುತ್ತವೆ. ಓದುಗನಿಗೆ ಪುಸ್ತಕ ಉಳಿದಂತೆ. ಪದಸೂಚಿ, ನಿಘಂಟು, ಪಾಠಾಂತರಗಳ ಕೆಲಸ ಮಾಡುವ ಸಂಶೋಧಕನಿಗೆ ಉಳಿದಂತಲ್ಲ.

ಹೊರತರುವಾಗ ಗಮನಿಸಬೇಕಾದ ಮುಖ್ಯ ಅಂಶ ಫಾಂಟಿನ ಮಾಹಿತಿ. ಕನ್ನಡ ಮತ್ತು ಇಂಗ್ಲಿಷ್ ಬೆರೆತ ಪಠ್ಯದಲ್ಲಿ ೮೦ ಎಂಬ ಸಂಖ್ಯೆ ಕಕಾರವೂ ಆಗಿರಬಹುದು, ಇಂಗ್ಲಿಷಿನ ‘ಪಿ’ಯೂ ಆಗಿರಬಹುದು. ಯಾವುದೆಂಬುದನ್ನು ಹೇಳುವುದು ಅಲ್ಲಿ ಬಳಸಿದ ಫಾಂಟ್ ಮಾತ್ರ. ಸರಳ ಪಠ್ಯವಾಗಿ ರಫ್ತು ಮಾಡಿದರೆ ಈ ಮಾಹಿತಿ ಅಳಿಯುತ್ತದೆ. ಆರ್‌ಟಿಎಫ್ ರೂಪದಲ್ಲಿ ರಫ್ತು ಮಾಡಿದರೆ ಉಳಿಯುತ್ತದೆ. ಮೂಲ ತಂತ್ರಾಂಶವನ್ನು ಅದರದೇ ವ್ಯವಸ್ಥೆಯಲ್ಲಿ ತೆರೆಯಬೇಕಾದ ಅಗತ್ಯ ಇಲ್ಲಿಯೇ ಇದೆ. ಪೇಜ್‌ಮೇಕರ್ ೬ ಮತ್ತು ೭ರ ಕಡತಗಳನ್ನು ಇನ್‌ಡಿಸೈನ್ ಸಿಎಸ್೬ವರೆಗಿನ ಆವೃತ್ತಿಗಳು ತೆರೆಯಬಲ್ಲವು, ಅನಂತರದವು ತೆರೆಯುವುದಿಲ್ಲ. ಆದುದರಿಂದ ಈ ನಡುವಿನ ಆವೃತ್ತಿಗಳೂ ಕಾಪಿಡಬೇಕಾದವುಗಳ ಪಟ್ಟಿಗೆ ಸೇರುತ್ತವೆ.

ಪರಿವರ್ತನೆಯು ಒಂದಕ್ಕೊಂದು ಸಂಖ್ಯೆಯನ್ನು ಬದಲಿಸುವಷ್ಟು ಸರಳವಲ್ಲ. ‘ಧರ್ಮ’ ಎಂಬಲ್ಲಿ ಹಳೆಯ ಸಂಕೇತದಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವಂತೆ ಮಕಾರದ ನಂತರ ಬರುತ್ತದೆ. ಯೂನಿಕೋಡಿನಲ್ಲಿ ಉಚ್ಚಾರಣೆಯ ಕ್ರಮದಂತೆ ರಕಾರ, ವಿರಾಮ, ಮಕಾರ ಎಂದು ಇರಬೇಕು. ಮಕಾರವಂತೂ ಹಳೆಯ ಸಂಕೇತದಲ್ಲಿ ವಕಾರದ ಆಕಾರ, ತಲೆಕಟ್ಟು, ಕೊಂಬು ಎಂಬ ಮೂರು ತುಂಡುಗಳ ಜೋಡಣೆ. ನುಡಿ ಮತ್ತು ಬರಹಗಳೊಡನೆ ಬಂದ ಪರಿವರ್ತಕಗಳು ಇಂತಹವನ್ನು ನಿಭಾಯಿಸುತ್ತವೆ. ವಾಣಿಜ್ಯ ಫಾಂಟುಗಳ ಕೋಷ್ಟಕಗಳು ತಯಾರಕರಿಂದ ತಯಾರಕರಿಗೆ ಬೇರೆ. ಹಳಗನ್ನಡ ಪಠ್ಯಗಳಲ್ಲಿ ಱಕಾರ, ೞಕಾರಗಳನ್ನು, ಶಾಸನಪಾಠಗಳಲ್ಲಿ ತ್ರುಟಿತ ಭಾಗಗಳ ಚಿಹ್ನೆಗಳನ್ನು ಮೂಲ ಮುದ್ರಿತ ಪ್ರತಿಯೊಡನೆ ಒಂದೊಂದಾಗಿ ಹೋಲಿಸಿ ನೋಡಬೇಕು. ಇವು ತಪ್ಪಿದರೆ ಪಾಠವೇ ಬದಲಾಗುತ್ತದೆ.

ಇದಕ್ಕಿಂತ ಹಳೆಯದಾದ ಇಸ್ಕಿ ಸಂಕೇತದ ದತ್ತಾಂಶವನ್ನು ಪರಿವರ್ತಿಸುವುದು ಇದಕ್ಕಿಂತ ಸುಲಭವೆಂಬುದು ಗಮನಾರ್ಹ. ಕಾನ್ಪುರದ ಐಐಟಿಯಲ್ಲಿ ಮೊಳೆತು ಸಿ-ಡ್ಯಾಕ್ ಸಂಸ್ಥೆಯಲ್ಲಿ ಬೆಳೆದ ಜಿಸ್ಟ್ ಕಾರ್ಡಿನ ಮೂಲಕ ಡಾಸ್ ಯಂತ್ರಗಳಲ್ಲಿ ಬಳಕೆಯಾದ ಇಸ್ಕಿ, ಆಕಾರವನ್ನಲ್ಲದೆ ಅಕ್ಷರವನ್ನೇ ಸಂಕೇತಿಸುತ್ತಿತ್ತು. ಯೂನಿಕೋಡಿನ ಭಾರತೀಯ ಲಿಪಿಗಳ ಏರ್ಪಾಡಿಗೆ ೧೯೮೮ರ ಇಸ್ಕಿಯೇ ಆಧಾರ. ಗ್ರಂಥಾಲಯಗಳಲ್ಲಿ ಬಳಕೆಯಲ್ಲಿದ್ದ ಯುನೆಸ್ಕೋದ ಸಿಡಿಎಸ್/ಐಸಿಸ್ ತಂತ್ರಾಂಶದ ಡಾಸ್ ಆವೃತ್ತಿ ಇಂದಿನ ೬೪ ಬಿಟ್ ವಿಂಡೋಸಿನಲ್ಲಿ ನೇರವಾಗಿ ನಡೆಯದು. ಆದರೆ ಅದನ್ನು ಹಳೆಯ ವ್ಯವಸ್ಥೆಯಲ್ಲಿ ಒಮ್ಮೆ ತೆರೆದು ಐಎಸ್‌ಒ ೨೭೦೯ ವಿನಿಮಯ ರೂಪದಲ್ಲಿ ದಾಖಲೆಗಳನ್ನು ರಫ್ತು ಮಾಡಿದರೆ, ಕ್ಷೇತ್ರಗಳನ್ನು ಹೊಂದಿಸಿ ಕೋಹಾದಂತಹ ಇಂದಿನ ವ್ಯವಸ್ಥೆಗೆ ತರಬಹುದು. ಅಕ್ಷರವನ್ನು ಅಕ್ಷರವಾಗಿಯೂ ದಾಖಲೆಯನ್ನು ಮಾನಕ ರೂಪದಲ್ಲಿಯೂ ಇಟ್ಟ ದತ್ತಾಂಶಕ್ಕೆ ಹಳೆಯ ಯಂತ್ರದ ಅವಲಂಬನೆ ಕಡಿಮೆ ಎಂಬುದು ಇದರಿಂದ ಸ್ಪಷ್ಟ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಗ್ರಂಥಾಲಯಗಳಿಗೆ ಮತ್ತು ಪ್ರಕಟಣ ಸಂಸ್ಥೆಗಳಿಗೆ ಒಂದು ಕಾರ್ಯಕ್ರಮ ತಾನಾಗಿಯೇ ಮೂಡುತ್ತದೆ. ಹಳೆಯ ಯಂತ್ರವನ್ನು ವಿಲೇವಾರಿ ಮಾಡುವ ಮೊದಲು ಅದರ ತಟ್ಟೆಯ ಪೂರ್ಣಪ್ರತಿಯನ್ನು ತೆಗೆದಿರಿಸಬೇಕು. ಸ್ಥಾಪನಾ ತಟ್ಟೆಗಳು, ಕ್ರಮಸಂಖ್ಯೆಗಳು, ಫಾಂಟ್ ಕಡತಗಳು, ಬೀಗಗಳು ಇವನ್ನು ಒಂದೆಡೆ ಕೂಡಿಸಿ, ಯಾವ ಪುಸ್ತಕ ಯಾವ ತಂತ್ರಾಂಶದಲ್ಲಿ, ಯಾವ ಫಾಂಟಿನಲ್ಲಿ ಸಿದ್ಧವಾಯಿತೆಂಬ ಪಟ್ಟಿಯನ್ನು ಬರೆದಿಡಬೇಕು. ಜಾಲದಿಂದ ದೂರವಿರುವ ಒಂದು ಯಂತ್ರದಲ್ಲಾಗಲಿ ಕಾಲ್ಪನಿಕ ಯಂತ್ರದಲ್ಲಾಗಲಿ ಹಳೆಯ ವ್ಯವಸ್ಥೆಯನ್ನು ನಿಲ್ಲಿಸಿ, ಮರುಮುದ್ರಣದ ಬೇಡಿಕೆಯಿರುವ ಮತ್ತು ಆಕರ ಮೌಲ್ಯದ ಗ್ರಂಥಗಳಿಂದ ಆರಂಭಿಸಿ ಪಠ್ಯಗಳನ್ನು ಯೂನಿಕೋಡಿಗೆ ತರಬೇಕು. ಪರಿವರ್ತಿತ ಪಠ್ಯದೊಡನೆ ಮೂಲ ಕಡತವನ್ನೂ ಉಳಿಸಬೇಕು.

ಅಕ್ಷರಜೋಡಣೆ ಮಾಡಿದವರ ನೆನಪು ಈ ಕೆಲಸದಲ್ಲಿ ದೊಡ್ಡ ಆಕರ. ಕಡತದ ಹೆಸರುಗಳು, ವಿಶೇಷ ಅಕ್ಷರಗಳಿಗೆ ಮಾಡಿಕೊಂಡ ಒಳದಾರಿಗಳು, ಅಧ್ಯಾಯಗಳನ್ನು ಒಡೆದಿಟ್ಟ ಕ್ರಮ ಇವು ಯಾವ ಕೈಪಿಡಿಯಲ್ಲಿಯೂ ಇಲ್ಲ. ಅವರಲ್ಲಿ ಅನೇಕರು ಈಗಾಗಲೇ ನಿವೃತ್ತಿಯ ವಯಸ್ಸಿನಲ್ಲಿದ್ದಾರೆ. ಯಂತ್ರಗಳು ಚಲಿಸುತ್ತಿರುವಾಗ, ಅವುಗಳನ್ನು ಬಲ್ಲವರು ದೊರೆಯುತ್ತಿರುವಾಗ ಈ ಕೆಲಸವನ್ನು ಕೈಗೊಳ್ಳುವುದು ಲೇಸು. ಅನಂತರ ಮುದ್ರಿತ ಪ್ರತಿಯನ್ನು ಎದುರಿಗಿಟ್ಟುಕೊಂಡು ಪಠ್ಯವನ್ನು ಮತ್ತೆ ಮೊದಲಿನಿಂದ ಸಿದ್ಧಪಡಿಸಬೇಕಾಗುತ್ತದೆ.